ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಾಷಿಂಗ್ಟನ್, ನಿಕ್ಸನ್ ಮತ್ತು ಎಡಿಸನ್

ಸ್ಪ್ರಿಂಗ್‌ಫೀಲ್ಡ್ ಎಂಬ ಕಾಲ್ಪನಿಕ ಪಟ್ಟಣದ ಕುಟುಂಬವೊಂದರ ವ್ಯಂಗ್ಯಚಿತ್ರ ಧಾರಾವಾಹಿ ‘ದಿ ಸಿಂಪ್ಸನ್ಸ್’ ಅಮೆರಿಕದಲ್ಲಿ ಆರಂಭವಾದದ್ದು 1989ರ ಡಿಸೆಂಬರ್‌ನಲ್ಲಿ. ಅದು ಕೇಬಲ್ ಮೂಲಕ ಬೆಂಗಳೂರಿನ ಮನೆಗಳನ್ನು ತಲುಪಿದಾಗ, ನನ್ನಂಥವರಿಗೆ ಅಮೆರಿಕದ ಚರಿತ್ರೆ ಹಿಂದುಮುಂದಾಗಿ ಪರಿಚಯವಾಯಿತು. ಮೊದಲು ನಕ್ಕು, ಏಕೆ ನಗಬೇಕಿತ್ತೆಂಬುದನ್ನು ಆಮೇಲೆ ವಿಶ್ವಕೋಶದಲ್ಲಿ ಹುಡುಕಿದವರು ನಾವು.

1993ರ ಅಕ್ಟೋಬರ್‌ನ ಹ್ಯಾಲೊವೀನ್ ಕಂತನ್ನೇ ನೋಡಿ. ಒಂದು ಡೋನಟ್ಟಿಗಾಗಿ ಆ ಕುಟುಂಬದ ಅಪ್ಪ ಹೋಮರ್ ತನ್ನ ಆತ್ಮವನ್ನು ಸೈತಾನನಿಗೆ ಮಾರಿಬಿಡುತ್ತಾನೆ. ವಿಚಾರಣೆಗೆ ಸೈತಾನನು ನರಕದಿಂದ ಕರೆಸುವ ಜ್ಯೂರಿಯಲ್ಲಿ ಬೆನೆಡಿಕ್ಟ್ ಆರ್ನಾಲ್ಡ್, ಲಿಂಕನ್‌ರನ್ನು ಕೊಂದ ಜಾನ್ ವಿಲ್ಕ್ಸ್ ಬೂತ್, ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್ ಮೊದಲಾದವರಿದ್ದಾರೆ. 1780ರಲ್ಲಿ ವೆಸ್ಟ್ ಪಾಯಿಂಟ್ ಕೋಟೆಯನ್ನು ಬ್ರಿಟಿಷರಿಗೆ ಒಪ್ಪಿಸಲು ಸಂಚು ಹೂಡಿದ ಆರ್ನಾಲ್ಡ್ ಅಮೆರಿಕನ್ನರಿಗೆ ಏನೆಂಬುದು, ಶ್ರೀರಂಗಪಟ್ಟಣದ ಲಾವಣಿಗಳ ಮೀರ್ ಸಾದಿಕನನ್ನು ಬಲ್ಲ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಅದೇ ಜ್ಯೂರಿಯಲ್ಲಿ ಕೂತ ಫಿಲಡೆಲ್ಫಿಯಾದ 1976ರ ಐಸ್ ಹಾಕಿ ಆಟಗಾರರ ತಮಾಷೆ ಮಾತ್ರ ನಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ. ಆದರೆ ಆ ದೃಶ್ಯದ ಜೀವಾಳವೆಂದರೆ ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್. ತಾನಿನ್ನೂ ಸತ್ತೇ ಇಲ್ಲವಲ್ಲ ಎಂದು ಆತ ತಕರಾರು ತೆಗೆದರೆ, ಸೈತಾನನು ಹಳೆಯ ಉಪಕಾರವೊಂದನ್ನು ನೆನಪಿಸಿ ಬಾಯಿ ಮುಚ್ಚಿಸುತ್ತಾನೆ. ಕಂತು ಪ್ರಸಾರವಾದಾಗ ನಿಕ್ಸನ್ ನಿಜವಾಗಿಯೂ ಬದುಕಿದ್ದರು; ತೀರಿಕೊಂಡದ್ದು 1994ರ ಏಪ್ರಿಲ್‌ನಲ್ಲಿ.

ಚರಿತ್ರೆಯ ವ್ಯಕ್ತಿಯನ್ನು ಹಾಸ್ಯಕ್ಕೆ ಎಳೆತರುವಾಗ ಆ ವ್ಯಕ್ತಿಗೆ ಸಂಬಂಧಪಟ್ಟ ಒಂದಾದರೂ ನಿಜಸಂಗತಿಯ ಮೇಲೆ ತಮಾಷೆ ನಿಂತಿರಬೇಕು, ಇಲ್ಲವಾದರೆ ಅದು ಬರಿಯ ವೇಷಭೂಷಣ ಸ್ಪರ್ಧೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಅಳತೆಯಲ್ಲಿ 1996ರ ‘ಲೀಸಾ ದಿ ಐಕನೋಕ್ಲಾಸ್ಟ್’ ಕಂತನ್ನು ಮೀರಿಸಿದ್ದು ಇನ್ನೊಂದಿಲ್ಲ. ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಇನ್ನೂರನೆಯ ವರ್ಷದ ಉತ್ಸವಕ್ಕೆ ಸಂಸ್ಥಾಪಕ ಜೆಬಿಡಾಯನ ಬಗ್ಗೆ ಪ್ರಬಂಧ ಬರೆಯಹೊರಟ ಹೋಮರನ ಮಗಳು ಲೀಸಾಳಿಗೆ ಹಳೆಯ ಕೊಳಲೊಂದರೊಳಗೆ ಆತನದೇ ತಪ್ಪೊಪ್ಪಿಗೆ ಸಿಗುತ್ತದೆ: ಆತ ವಾಸ್ತವದಲ್ಲಿ ಹಾನ್ಸ್ ಸ್ಪ್ರಂಗ್‌ಫೆಲ್ಡ್ ಎಂಬ ಕಡಲ್ಗಳ್ಳ, ಜಾರ್ಜ್ ವಾಷಿಂಗ್ಟನ್‌ರನ್ನು ಕೊಲ್ಲಲು ಯತ್ನಿಸಿದವನು. ಆ ತಪ್ಪೊಪ್ಪಿಗೆಯನ್ನು ಬರೆದ ತುಂಡು, ಗಿಲ್ಬರ್ಟ್ ಸ್ಟುವರ್ಟ್ ಬಿಡಿಸುತ್ತಿದ್ದ ವಾಷಿಂಗ್ಟನ್ ಭಾವಚಿತ್ರದಿಂದ ಹರಿದು ಹೋದ ಭಾಗ. ಸ್ಟುವರ್ಟ್ 1796ರಲ್ಲಿ ಬಿಡಿಸಿದ ಆ ಚಿತ್ರ ಇಂದಿಗೂ ಇದೆ, ಮತ್ತು ಅದು ನಿಜಕ್ಕೂ ಅಪೂರ್ಣ. ಮುಖ ಪೂರ್ತಿಯಾಗಿದೆ, ಕೆಳಗಿನ ಭಾಗ ಖಾಲಿ ಕ್ಯಾನ್ವಾಸ್. ಬೇಡಿಕೆ ಬಂದಂತೆಲ್ಲ ನಕಲು ತೆಗೆದು ಮಾರಲು ಅನುಕೂಲವಾಗಲೆಂದು ಕಲಾವಿದನು ಮೂಲಚಿತ್ರವನ್ನು ಒಪ್ಪಿಸದೆ ತನ್ನ ಬಳಿಯೇ ಇಟ್ಟುಕೊಂಡಿದ್ದನು. ಒಂದು ಡಾಲರ್ ನೋಟಿನ ಮೇಲಿರುವ ಮುಖವೂ ಅದರಿಂದಲೇ ಬಂದದ್ದು. ಚಿತ್ರದ ಖಾಲಿ ಜಾಗವನ್ನು ಕಂಡು, ಅಲ್ಲಿ ಇಡೀ ಒಂದು ಪಟ್ಟಣದ ಸುಳ್ಳನ್ನು ಅಡಗಿಸಿಡಬಹುದೆಂದು ಹೊಳೆದದ್ದು ಯಾರಿಗೋ, ಅವರ ಬಗ್ಗೆ ನನಗೆ ಅಸೂಯೆಯೇ ಇದೆ.

ಕೊನೆಗೆ ಲೀಸಾ ಉತ್ಸವದಲ್ಲಿ ನೆರೆದ ಜನರ ಉತ್ಸಾಹ ಕಂಡು ಸತ್ಯ ಹೇಳದೆ ಸುಮ್ಮನಾಗುತ್ತಾಳೆ. ಬೆಂಗಳೂರಿನಲ್ಲಿ ಕುಳಿತು ನೋಡುವವರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟ ಕಥೆಯನ್ನು ಬಂದ ನೆಂಟರಿಗೆಲ್ಲ ನಾವು ಹೇಳುತ್ತೇವೆ. ಆ ದೊರೆಗಿಂತ ಶತಮಾನಗಳ ಹಿಂದಿನ, ಗಂಗರ ಕಾಲದ ಶಾಸನವು ಬೇಗೂರಿನ ದೇವಸ್ಥಾನದಲ್ಲಿ ಬೆಂಗಳೂರಿನ ಕಾಳಗವನ್ನು ಹೆಸರಿಸಿ ನಿಂತಿದ್ದರೂ ಕಥೆಗೆ ಕುಂದು ಬಂದಿಲ್ಲ. ಕೆಂಪೇಗೌಡರ ನೇಗಿಲು ಕಟ್ಟಿದ ಎತ್ತುಗಳು ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವಲ್ಲಿಂದ ನಾಲ್ಕು ದಿಕ್ಕಿಗೆ ಹೊರಟವೆಂಬುದಕ್ಕೆ ದಾಖಲೆ ಕೇಳಿದವನನ್ನು ನಮ್ಮೂರಿನಲ್ಲಿ ಯಾರೂ ಪ್ರೀತಿಯಿಂದ ನೋಡಲಾರರು.

1998ರ ಎಡಿಸನ್ ಕಂತೂ ಇದೇ ಜಾತಿಯದು. ಎಡಿಸನ್‌ನಂತೆ ಸಂಶೋಧಕನಾಗಬೇಕೆಂದು ಹೊರಟ ಹೋಮರ್, ಹಿಂದಕ್ಕೆ ಬೀಳದ ಕುರ್ಚಿಯನ್ನು ತನಗಿಂತ ಮೊದಲೇ ಎಡಿಸನ್ ಮಾಡಿಟ್ಟಿರುವುದನ್ನು ಕಂಡು, ಅದನ್ನು ಒಡೆಯಲು ಎಡಿಸನ್ ವಸ್ತುಸಂಗ್ರಹಾಲಯವಿರುವ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ಗೆ ಹೋಗುತ್ತಾನೆ. ಅಲ್ಲಿ ಎಡಿಸನ್ ಕೂಡ ಡಾ ವಿಂಚಿಯೊಡನೆ ತನ್ನನ್ನು ಹೋಲಿಸಿಕೊಂಡು ಕೊರಗಿದ್ದನೆಂದು ತಿಳಿದು ಮನಸ್ಸು ಕರಗುತ್ತದೆ. ಡಾ ವಿಂಚಿಯ ಭಾಗ ಕಲ್ಪನೆ, ಆದರೆ 1,093 ಅಮೆರಿಕನ್ ಪೇಟೆಂಟ್‌ಗಳಿದ್ದವನ ಮುಂದೆ ಸಾಮಾನ್ಯನಿಗೆ ಹುಟ್ಟುವ ಹತಾಶೆ ನಿಜವಾದದ್ದು. 2004ರಲ್ಲಿ ಹೋಮರ್ ಎಂಟನೆಯ ಹೆನ್ರಿಯಾಗಿಯೂ ಅವನ ಮಗ ಬಾರ್ಟ್ ಮೊಜಾರ್ಟ್ ಆಗಿಯೂ ಬರುವ ಕಂತು ನನಗೆ ರುಚಿಸಲಿಲ್ಲ. ಅಲ್ಲಿರುವುದು ಉಡುಪು ಮಾತ್ರ.

ಉಡುಪನ್ನೇ ನೆಚ್ಚಿದ್ದರ ಫಲವನ್ನು ಇನ್ನೊಂದು ವ್ಯಂಗ್ಯಚಿತ್ರ ಧಾರಾವಾಹಿ ಉಂಡಿತು. ಲಿಂಕನ್, ಕ್ಲಿಯೋಪಾತ್ರ, ಗಾಂಧಿ ಮೊದಲಾದವರ ತದ್ರೂಪಿಗಳು ಒಂದೇ ಶಾಲೆಯಲ್ಲಿ ಓದುವ ‘ಕ್ಲೋನ್ ಹೈ’ ವಿರುದ್ಧ 2003ರಲ್ಲಿ ದೆಹಲಿಯಲ್ಲಿ ಉಪವಾಸ ನಡೆಯಿತು, ಎಂಟಿವಿ ಕ್ಷಮೆ ಕೇಳಿತು, ಹದಿಮೂರು ಕಂತುಗಳಿಗೆ ಅದು ಮುಗಿಯಿತು. 2023ರಲ್ಲಿ ಮರಳಿ ಬಂದಾಗ ಕಥೆಯಲ್ಲಿ ಗಾಂಧಿ ಇರಲಿಲ್ಲ. ದೊಡ್ಡ ಹೆಸರಿನ ಭಾರ ತಾಳಲಾರದೆ ಆ ಹುಡುಗ ಪಾರ್ಟಿಗಳ ಹಿಂದೆ ಬಿದ್ದಿದ್ದಾನೆ ಎಂಬ ಸಮರ್ಥನೆ ಕಥೆಯೊಳಗೆ ಇತ್ತು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬರೆದವರು ಗಾಂಧಿಯವರ ಆತ್ಮಕಥೆಯನ್ನು ತೆರೆದಿದ್ದರೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಪುಕ್ಕಟೆಯಾಗಿ ದೊರೆಯುತ್ತಿತ್ತು: ಲಂಡನ್ನಿನಲ್ಲಿ ಎತ್ತರದ ಹ್ಯಾಟು ಕೊಂಡು ನೃತ್ಯದ ತರಗತಿಗೆ ಸೇರಿದ ಯುವಕ, ಪಿಯಾನೋದ ತಾಳಕ್ಕೆ ಹೆಜ್ಜೆ ಹಾಕಲಾಗದೆ, ಕಿವಿ ಪಳಗಲೆಂದು ಒಂದು ಪಿಟೀಲನ್ನೂ ಕೊಂಡುತಂದ ಪ್ರಸಂಗವನ್ನು ಅವರೇ ಅಲ್ಲಿ ನಗುನಗುತ್ತ ಬರೆದಿಟ್ಟಿದ್ದಾರೆ.