ಕತ್ತರಿಸದೆ ಓದುವುದು

ಸತ್ಯವೇದದ, ಅಂದರೆ ಬೈಬಲಿನ, ಅರಸರಲ್ಲಿ ನನ್ನನ್ನು ಜಾಸ್ತಿ ಕಾಡುವವನು ಯೆಹೂದದ ಅರಸ ಯೆಹೋಯಾಕೀಮ. ಯೆರೆಮೀಯನ 36ನೇ ಅಧ್ಯಾಯ ತೆಗೆದು ನೋಡಿ. ಚಳಿಯ ತಿಂಗಳು. ಅರಸ ಚಳಿಗಾಲದ ಮನೆಯಲ್ಲಿ ಕೂತಿದ್ದಾನೆ, ಎದುರಿಗೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಪ್ರವಾದಿ ಯೆರೆಮೀಯ ದೇವರ ಮಾತನ್ನು ಹೇಳಿ ಬಾರೂಕ ಬರೆದ ಸುರುಳಿಯನ್ನು ಯೆಹೂದಿ ಎಂಬವನು ಓದುತ್ತಿದ್ದಾನೆ. ಮೂರು ನಾಲ್ಕು ಅಂಕಣ ಓದಿದ್ದೇ ತಡ, ಅರಸ ಅಷ್ಟು ಭಾಗವನ್ನು ಲೇಖಕರ ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಮತ್ತೆ ಓದು, ಮತ್ತೆ ಚಾಕು. ಕೊನೆಗೆ ಇಡೀ ಸುರುಳಿ ಬೂದಿ.

ಅವನು ಕಿವಿ ಮುಚ್ಚಿಕೊಳ್ಳಲಿಲ್ಲ. ಕೇಳಿದ. ಕೇಳುತ್ತಲೇ ಸುಟ್ಟ.

ಇವನ ಅಪ್ಪ ಯೋಷೀಯ. ಕ್ರಿ.ಪೂ. 622ರ ಸುಮಾರಿಗೆ ದೇವಾಲಯದ ದುರಸ್ತಿ ನಡೆಯುವಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಲೇಖಕ ಶಾಫಾನ ಅದನ್ನು ಅರಸನ ಮುಂದೆ ಓದಿದ. ಯೋಷೀಯ ಕೇಳಿ ತನ್ನ ಬಟ್ಟೆ ಹರಿದುಕೊಂಡ. ಅದಾಗಿ ಎರಡು ದಶಕ ಕಳೆಯುವ ಮೊದಲೇ ಮಗ ಚಾಕು ಹಿಡಿದು ಕೂತಿದ್ದ. ಸುಡಬೇಡಿ ಎಂದು ಬೇಡಿಕೊಂಡವರಲ್ಲಿ ಅದೇ ಶಾಫಾನನ ಮಗ ಗೆಮರ್ಯನೂ ಇದ್ದ. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವಾಕ್ಯ ಓದಿ ಹೇಳಿದವನ ಮಗ ಒಂದು ಕಡೆ, ಕೇಳಿ ನಡುಗಿದವನ ಮಗ ಇನ್ನೊಂದು ಕಡೆ.

ವಾಕ್ಯದ ಮುಂದೆ ಕೂತಾಗ ಒಂದೋ ಅದು ನಮ್ಮನ್ನು ಕತ್ತರಿಸುತ್ತದೆ, ಇಲ್ಲಾ ನಾವು ಅದನ್ನು ಕತ್ತರಿಸುತ್ತೇವೆ. ದಿನಾ ಓದುವ ವಿಷಯದಲ್ಲಿ ನನಗೆ ಹೇಳಬೇಕಿರುವುದು ಇದೊಂದೇ.

ನಮ್ಮ ಕೈಯಲ್ಲಿ ಅಂಥ ಚಾಕು ಇಲ್ಲ. ಆದರೆ ಬೆಳಿಗ್ಗೆ ಮೊಬೈಲಿಗೆ ಬರುವ ‘ಇಂದಿನ ವಚನ’ ಇದೆ. ಹೂವಿನ ಚಿತ್ರದ ಮೇಲೆ ಯೆರೆಮೀಯ 29:11. ನಿಮಗೆ ಒಳ್ಳೆಯ ನಿರೀಕ್ಷೆಯನ್ನು ಕೊಡುತ್ತೇನೆ ಎನ್ನುವ ಮಾತು. ಸತ್ಯವಾದ ಮಾತೇ. ಆದರೆ ಅದರ ಹಿಂದಿನ ವಚನ ಯಾರ ಮೊಬೈಲಿಗೂ ಬಂದದ್ದನ್ನು ನಾನು ನೋಡಿಲ್ಲ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ಕಳೆದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಎನ್ನುತ್ತದೆ 10ನೇ ವಚನ. ಇದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಕಾಗದ. ಅದನ್ನು ಓದಿಸಿ ಕೇಳಿದವರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಮಣ್ಣಾಗಬೇಕಿತ್ತು. ಇನ್ನೂ ಸ್ವಲ್ಪ ಮೇಲೆ ಹೋದರೆ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ನೀವು ಸೆರೆಯಾಗಿರುವ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದಿದೆ. 11ನ್ನು ಇಟ್ಟುಕೊಂಡು 10ನ್ನು ಬಿಟ್ಟರೆ ಅದೂ ಕತ್ತರಿಸಿದ ಹಾಗೇ ಅಲ್ವಾ?

ಅದಕ್ಕೇ ನಾನು ಬಿಡಿ ವಚನಗಳನ್ನು ನಂಬಿ ದಿನ ಶುರು ಮಾಡುವುದಿಲ್ಲ. ಒಂದು ಪುಸ್ತಕ ಹಿಡಿದರೆ ಮೊದಲಿಂದ ಕೊನೆವರೆಗೆ. ನಾವು ಓದುವ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ಪಾಸ್ಟರ್ ಆಗಿದ್ದ ರಾಬರ್ಟ್ ಮರ್ರೆ ಮಕ್‌ಶೇನ್ 1842ರಲ್ಲಿ ತಮ್ಮ ಸಭೆಗಾಗಿ ಒಂದು ಪಟ್ಟಿ ಮಾಡಿದರು. ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಇವತ್ತಿಗೂ ಎಷ್ಟೋ ಜನ ಅದನ್ನೇ ಬಳಸುತ್ತಾರೆ. ಆ ಪಟ್ಟಿಗಿಂತ ನನಗೆ ಇಷ್ಟವಾಗುವುದು ಅದರ ಜೊತೆ ಅವರು ಕೊಟ್ಟ ಎಚ್ಚರಿಕೆ. ಓದು ಬರೀ ಆಚಾರವಾಗಬಹುದು, ಓದಿದೆ ಎನ್ನುವ ಹೆಮ್ಮೆ ಬರಬಹುದು, ಅಜಾಗರೂಕತೆಯಿಂದ ಓದಬಹುದು, ಕೆಲವರಿಗೆ ಹೊರಲಾರದ ನೊಗವೂ ಆಗಬಹುದು ಎಂದು ಮೊದಲೇ ಹೇಳಿಬಿಟ್ಟರು. ಮರುವರ್ಷ ತೀರಿಹೋದರು. ಆಗ ಅವರಿಗೆ 29 ವಯಸ್ಸು.

ಪಟ್ಟಿ ಒಳ್ಳೆಯದು. ಆದರೆ ವಾಕ್ಯ ತಡೆದು ನಿಲ್ಲಿಸಿದರೆ ನಿಲ್ಲಬೇಕು. ಪಟ್ಟಿ ಕಾಯುತ್ತದೆ.

ನನ್ನನ್ನು ಹಾಗೆ ನಿಲ್ಲಿಸಿದ್ದು ಯಾಜಕಕಾಂಡ 19. ಯಾಜಕಕಾಂಡ ಅಂದರೆ ಸುಮ್ನೆ ದಾಟಿ ಹೋಗುವವರು ಜಾಸ್ತಿ. ಆದರೆ ಪೇತ್ರನು ತನ್ನ ಮೊದಲ ಪತ್ರಿಕೆಯಲ್ಲಿ ‘ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು’ ಎನ್ನುವ ಮಾತನ್ನು ತೆಗೆದುಕೊಂಡದ್ದು ಈ ಕಾಂಡದಿಂದಲೇ. ಈ ಅಧ್ಯಾಯ ಶುರುವಾಗುವುದೇ ಆ ಮಾತಿನಿಂದ. ಪರಿಶುದ್ಧತೆ ಅಂದಕೂಡಲೇ ಉಪವಾಸ, ಬಿಳಿ ಬಟ್ಟೆ, ಕಣ್ಣೀರಿನ ಪ್ರಾರ್ಥನೆ ನೆನಪಾಗುತ್ತದೆ. ಈ ಅಧ್ಯಾಯ ಹೋಗುವ ದಾರಿಯೇ ಬೇರೆ. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು. ಕಿವುಡನನ್ನು ಬೈಯಬಾರದು. ಕುರುಡನ ದಾರಿಯಲ್ಲಿ ಕಲ್ಲಿಡಬಾರದು. ಚಾಡಿ ಹೇಳಿಕೊಂಡು ತಿರುಗಬಾರದು. ತಕ್ಕಡಿ ನ್ಯಾಯವಾಗಿರಬೇಕು. ಕೂಲಿಯವನ ಕೂಲಿ ಮರುದಿನ ಬೆಳಗಿನವರೆಗೆ ನಿಮ್ಮ ಹತ್ತಿರ ಉಳಿಯಬಾರದು.

ಈ ಕೊನೆಯದು 13ನೇ ವಚನ. ನಾನು ಕೆಲಸ ಮಾಡುವುದು ಲೆಕ್ಕಪತ್ರ ವಿಭಾಗದಲ್ಲಿ. ನನ್ನ ಸಹಿ ಆದರೆ ಬಿಲ್ಲು ಮುಂದಕ್ಕೆ ಹೋಗುತ್ತದೆ. ದೊಡ್ಡ ಬಿಲ್ಲುಗಳ ಹಿಂದೆ ಫೋನ್ ಬರುತ್ತದೆ, ಕೆಲವೊಮ್ಮೆ ಜನವೇ ಬಂದು ನಿಲ್ಲುತ್ತಾರೆ. ನೆಲ ಒರೆಸುವವರ, ರಾತ್ರಿ ಕಾವಲಿನವರ ಕೂಲಿ ಬಿಲ್ಲು ಬಂದರೆ ಕೇಳಲು ಯಾರೂ ಬರುವುದಿಲ್ಲ. ಯಾರೂ ತಡೆಹಿಡಿಯುವುದೂ ಇಲ್ಲ, ಸುಮ್ನೆ ಕಟ್ಟಿನ ಅಡಿಯಲ್ಲಿ ಉಳಿಯುತ್ತದೆ. ಧರ್ಮೋಪದೇಶಕಾಂಡ 24ರಲ್ಲಿ ಇದೇ ಮಾತು ಇನ್ನೂ ಬಿಗಿಯಾಗಿ ಬರುತ್ತದೆ. ಹೊತ್ತು ಮುಳುಗುವುದರೊಳಗೆ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ತಡೆದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ.

ಆ ದಿನದಿಂದ ಬಂದ ಕಟ್ಟನ್ನು ಬಿಚ್ಚಿ ಮೊದಲು ಕೂಲಿ ಬಿಲ್ಲು ಹುಡುಕುತ್ತೇನೆ. ಹಾಜರಿ ತಾಳೆ ನೋಡಿ, ಸಹಿ ಹಾಕಿ, ಆಮೇಲೆ ಉಳಿದದ್ದು. ನೋಡಿದವರಿಗೆ ಇದರಲ್ಲಿ ಭಕ್ತಿ ಏನೂ ಕಾಣುವುದಿಲ್ಲ. ಆದರೆ ನನ್ನ ಮಟ್ಟಿಗೆ 13ನೇ ವಚನ ಇರುವುದು ಆ ಮೇಜಿನ ಮೇಲೆ. ಬೆಳಿಗ್ಗೆ ಕಣ್ಣು ಮುಚ್ಚಿ ಪ್ರಾರ್ಥಿಸಿ, ಹತ್ತು ಗಂಟೆಗೆ ಆ ಕಾಗದವನ್ನು ಕೆಳಗೆ ತಳ್ಳಿದರೆ ನಾನು ಓದಿದ್ದಾದರೂ ಏನು?

ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನೆಲ್ಲ ಮಾಡಿ ದೇವರ ಮೆಚ್ಚಿಕೆ ಸಂಪಾದಿಸುತ್ತೇವೆ ಅಂತ ಯಾರೂ ತಿಳಿಯಬೇಡಿ. ತಕ್ಕಡಿಯ ಮಾತು ಮುಗಿದ ಕೂಡಲೇ, 36ನೇ ವಚನದಲ್ಲಿ ದೇವರು ಹೇಳುವುದು, ನಿಮ್ಮನ್ನು ಐಗುಪ್ತದಿಂದ ಹೊರಗೆ ತಂದವನು ನಾನೇ ಅಂತ. ಮೊದಲು ಬಿಡುಗಡೆ, ಆಮೇಲೆ ತಕ್ಕಡಿ. ಶಿಲುಬೆಯ ಬುಡದಲ್ಲಿ ನಿಂತವರಿಗೂ ಇದೇ ಕ್ರಮ. ಕ್ರಿಸ್ತನು ನಮ್ಮನ್ನು ಕ್ರಯಕ್ಕೆ ಕೊಂಡಾಗಿದೆ. ಕೊಂಡವನು ಎಂಥವನೋ ಅಂಥವರಾಗಿ ಬಾಳುವುದು ಈಗಿನ ಕೆಲಸ. ಅದೂ ನಮ್ಮ ಬಲದಿಂದಲ್ಲ, ಪವಿತ್ರಾತ್ಮನ ಬಲದಿಂದ.

ಓದಿದ್ದು ಜಾರಿಹೋಗದಂತೆ ನಾನು ಒಂದು ವಚನವನ್ನು ಕೈಯಿಂದ ಬರೆಯುತ್ತೇನೆ. ಧರ್ಮೋಪದೇಶಕಾಂಡ 17ರಲ್ಲಿ ಅರಸನಾದವನು ಸಿಂಹಾಸನ ಏರಿದ ಮೇಲೆ ಧರ್ಮಶಾಸ್ತ್ರದ ಪ್ರತಿಯೊಂದನ್ನು ಬರೆದುಕೊಂಡು ಜೀವಮಾನವೆಲ್ಲ ಓದಬೇಕು ಎಂದಿದೆ. ಯಾಕೆ ಅಂದರೆ ಅವನು ತನ್ನ ಸಹೋದರರಿಗಿಂತ ತಾನು ದೊಡ್ಡವನು ಎಂದುಕೊಳ್ಳಬಾರದು. ಇಷ್ಟೊಂದು ಓದುವ ನಮಗೂ ಈ ಕಾರಣ ಬೇಕು. ವಾಕ್ಯ ಬಲ್ಲವರಿಗೆ ಸೊಕ್ಕು ಬೇಗ ಬರುತ್ತದೆ. ಬೇರೆಯವರ ತಪ್ಪಿಗೆ ಸರಿಯಾದ ವಚನ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಈಗ ನನ್ನ ನೋಟ್‌ಬುಕ್ಕಿನಲ್ಲಿರುವುದು ಅದೇ 19ನೇ ಅಧ್ಯಾಯದ 17ನೇ ವಚನ. ಸಹೋದರನ ಮೇಲೆ ಹೃದಯದಲ್ಲಿ ದ್ವೇಷ ಇಟ್ಟುಕೊಳ್ಳಬೇಡ, ಹೇಳುವುದಿದ್ದರೆ ಅವನಿಗೇ ಮುಖಾಮುಖಿ ಹೇಳು. ನನಗೂ ದೊಡ್ಡಪ್ಪನ ಮಗನಿಗೂ ಆಸ್ತಿ ಹಂಚಿಕೆಯ ಮಾತಲ್ಲಿ ಮನಸ್ಸು ಮುರಿದಿದೆ. ಜಗಳವಿಲ್ಲ. ಆರಾಧನೆ ಮುಗಿದ ಮೇಲೆ ಕೈಕುಲುಕಿ ‘ಚೆನ್ನಾಗಿದ್ದೀರಾ’ ಎನ್ನುವಷ್ಟು ಇದೆ, ಅದರಾಚೆ ಏನಿಲ್ಲ. ಮುಂದಿನ ವಚನ ನಮಗೆಲ್ಲ ಬಾಯಿಪಾಠ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಅಲ್ಲಿಗೆ ಹಾರಿಬಿಡೋಣ ಅನಿಸುತ್ತದೆ. ಆದರೆ ನಡುವೆ 17 ಇದೆ.

ನಿನ್ನೆ ರಾತ್ರಿ ಅಣ್ಣನಿಗೆ ಫೋನ್ ಮಾಡಿ, ಭಾನುವಾರ ಸ್ವಲ್ಪ ಕೂತು ಮಾತಾಡಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅತ್ತಿಗೆಯೂ ಇರಲಿ ಅಂದ. ಸರಿ ಅಂದೆ. 18ನೇ ವಚನವನ್ನು ಭಾನುವಾರದ ಮೇಲೆ ಬರೆದುಕೊಳ್ಳುತ್ತೇನೆ.