ಅಮ್ಮನ ಮಾತು ಅಕ್ಕನಿಗೆ ಕಡಿಯದೆ ಕೇಳಿಸಬೇಕು: ಮನೆ ನೆಟ್‌ವರ್ಕ್ ಕೆಲಸ, ಇಲ್ಲಿಯವರೆಗೆ

ಸಂಜೆಯ ವಾಟ್ಸಾಪ್ ಕರೆಯಲ್ಲಿ ಅಮ್ಮನ ಮಾತು ಅಕ್ಕನಿಗೆ ತುಂಡು ತುಂಡಾಗಿ ಕೇಳಿಸುತ್ತಿತ್ತು. ಅಕ್ಕನ ಮಾತು ಮಾತ್ರ ನಮಗೆ ಸರಿಯಾಗಿಯೇ ಬರುತ್ತಿತ್ತು. ಇದೇ ಒಳ್ಳೆಯ ಸುಳಿವು. ನಮ್ಮ ದನಿ ಹೊರಗೆ ಹೋಗುವ ದಾರಿಯಲ್ಲಿ, ಅಂದರೆ ಅಪ್‌ಲೋಡ್ ಕಡೆ, ಏನೋ ತೊಡಕು ಇರಬೇಕು ಅಲ್ವಾ?

ಸ್ಪೀಡ್ ಟೆಸ್ಟ್ ಮಾಡಿದರೆ ಡೌನ್‌ಲೋಡ್ 50, ಅಪ್‌ಲೋಡ್ 5 ಎಂಬಿಪಿಎಸ್. ಮಾತಿಗೆ ಇದು ಧಾರಾಳ. ದನಿಯನ್ನು ಡೇಟಾ ಮಾಡುವ ಹಳೆಯ ವಿಧಾನ ಜಿ.711 ಕೋಡೆಕ್‌ಗೇ ಬೇಕಿರುವುದು 64 ಕೆಬಿಪಿಎಸ್ (1000 ಕೆಬಿಪಿಎಸ್ ಸೇರಿದರೆ 1 ಎಂಬಿಪಿಎಸ್). ಡೇಟಾದ ಪ್ರತಿ ತುಣುಕಿಗೂ, ಅಂದರೆ ಪ್ಯಾಕೆಟ್‌ಗೂ, ಅಂಟಿಸುವ ವಿಳಾಸಚೀಟಿಯಂಥ ಹೆಡರ್ ಎಲ್ಲ ಸೇರಿ 80ರ ಆಸುಪಾಸು. ಹಾಗಾಗಿ ಜಾಸ್ತಿ ದುಡ್ಡಿನ ಪ್ಲ್ಯಾನ್ ಬೇಡ ಅಂತ ಆಗಲೇ ತೀರ್ಮಾನಿಸಿದೆ. ನೋಡಬೇಕಾದದ್ದು ವೇಗವನ್ನಲ್ಲ, ತಡವನ್ನು.

ಲ್ಯಾಪ್‌ಟಾಪನ್ನು ಕೇಬಲ್‌ನಲ್ಲೇ ರೌಟರ್‌ಗೆ ಸಿಕ್ಕಿಸಿ ಇಂಟರ್ನೆಟ್‌ನಲ್ಲಿರುವ 1.1.1.1 ಎಂಬ ಸರ್ವರ್‌ಗೆ ಪಿಂಗ್ ಬಿಟ್ಟೆ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಸಮಯ ಅಳೆದೆ. ಲೈನ್ ಸುಮ್ನೆ ಇದ್ದಾಗ 12 ಮಿಲಿಸೆಕೆಂಡ್. ಒಂದು ಫೋನಿನ ಫೋಟೋ ಬ್ಯಾಕಪ್ ಶುರು ಮಾಡಿದ ಕೂಡಲೇ 400 ದಾಟಿತು, ನಡುನಡುವೆ ಉತ್ತರವೇ ಬರಲಿಲ್ಲ. ಸಂಜೆ ಎಲ್ಲರೂ ಮನೆಗೆ ಬಂದು ಫೋನ್ ಚಾರ್ಜಿಗೆ ಹಾಕುತ್ತಾರೆ. ಬ್ಯಾಕಪ್‌ಗಳು ಓಡುವುದೂ ಆಗಲೇ.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಮೋಡೆಮ್‌ನ ಬಫರಿನಲ್ಲಿ, ಅಂದರೆ ಹೊರಡಬೇಕಾದ ಡೇಟಾ ಕಾಯುವ ಜಾಗದಲ್ಲಿ, 256 ಕಿಲೋಬೈಟ್ (ಸುಮಾರು 2 ಮೆಗಾಬಿಟ್) ಫೋಟೋ ಡೇಟಾ ಸಾಲು ನಿಂತಿದೆ ಅನ್ನಿ. 5 ಎಂಬಿಪಿಎಸ್ ಲೈನಿನಲ್ಲಿ ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು. ಮಾತಿನ ಪುಟ್ಟ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ಕಾಯುತ್ತದೆ. ರೇಷನ್ ಅಂಗಡಿ ಸಾಲಿನಲ್ಲಿ ಬರೀ ಒಂದು ಸಹಿ ಹಾಕಿಸಬೇಕಿದ್ದವರೂ ಮೂಟೆ ಹೊರುವವರ ಹಿಂದೆ ನಿಂತ ಹಾಗೆ. ಬಫರ್ ತುಂಬಿ ತುಳುಕಿದಾಗ ಪ್ಯಾಕೆಟ್ ಬಿದ್ದೇ ಹೋಗುತ್ತದೆ, ಮಾತು ಕಡಿಯುತ್ತದೆ. ಕರೆಯಲ್ಲಿ ಒಂದು ಕಡೆಯ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುನ ಜಿ.114 ಶಿಫಾರಸು. ನಮ್ಮದು ಮನೆ ಬಾಗಿಲು ದಾಟುವ ಮೊದಲೇ ಅದನ್ನು ಮೀರುತ್ತಿತ್ತು. ಕಂಪ್ಯೂಟರ್ ತಜ್ಞ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯ ಲೈನಿನಲ್ಲೇ ಈ ಕಾಯಿಲೆ ಕಂಡು, ಬಫರ್‌ಬ್ಲೋಟ್ ಅಂತ ಕರೆದು ಜಗತ್ತಿಗೆ ತಿಳಿಸಿದರು. ಅವರಿಗೆ ನಾನು ನಿಜವಾಗಿ ಋಣಿ.

ಮದ್ದೂ ಸಿಕ್ಕಿತು. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೌಟರ್‌ನಲ್ಲಿ, ಡೇಟಾ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಸೆಟ್ಟಿಂಗ್ ತೆರೆದು ಕೇಕ್ ಎಂಬ ವಿಧಾನ ಆರಿಸಿದೆ. ಮಿತಿ ಅಪ್‌ಲೋಡ್‌ಗೆ 4.5, ಡೌನ್‌ಲೋಡ್‌ಗೆ 45 ಎಂಬಿಪಿಎಸ್. ಲೈನಿನ ವೇಗಕ್ಕಿಂತ ಸ್ವಲ್ಪ ಕಡಿಮೆ ಇಡುವುದು ತುಂಬಾ ಮುಖ್ಯ. ಆಗ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ರೌಟರ್‌ನಲ್ಲೇ ನಿಲ್ಲುತ್ತದೆ, ಅಲ್ಲಿ ಕೇಕ್ ಎಲ್ಲರಿಗೂ ಸರದಿ ಕೊಡುತ್ತದೆ. ಬ್ಯಾಕಪ್ ಓಡುವಾಗಲೂ ಪಿಂಗ್ ಈಗ 25ರ ಸುತ್ತ. ಅಕ್ಕ ಮೊದಲ ಬಾರಿಗೆ "ಏನಂದೆ?" ಅಂತ ಕೇಳದೆ ಒಂದು ಇಡೀ ಕರೆ ಮುಗಿಸಿದಳು. ಎಷ್ಟು ಖುಷಿಯಾಯಿತೋ!

ಹಿಂದಿನ ಕೋಣೆಯದು ಬೇರೆ ಕಥೆ. ಅಲ್ಲಿಂದ ರೌಟರ್‌ಗೆ, ಅಂದರೆ 192.168.1.1ಕ್ಕೆ, ಪಿಂಗ್ ಮಾಡಿದರೇ 3ರಿಂದ 150ರವರೆಗೆ ಕುಣಿಯುತ್ತದೆ. ತಡ ಹೀಗೆ ಏರಿಳಿಯುವುದೇ ಜಿಟ್ಟರ್, ಕಾರಣ ವೈಫೈ. ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲೇ ಇವೆ. ಒಂದಕ್ಕೊಂದು ತಾಗದ ಚಾನೆಲ್ 1, 6, 11 ಮೂರೂ ತುಂಬಿವೆ. 5 ಗಿಗಾಹರ್ಟ್ಸ್ ಖಾಲಿ ಇದೆ, ಆದರೆ ಎರಡು ದಪ್ಪ ಗೋಡೆ ದಾಟಿ ಅಲ್ಲಿಗೆ ತಲುಪುವುದಿಲ್ಲ. ರಿಪೀಟರ್ ಬೇಡ ಅಂದುಕೊಂಡಿದ್ದೇನೆ, ಅದೂ ಗಾಳಿಯಲ್ಲೇ ಮತ್ತೊಮ್ಮೆ ಕಳಿಸುವ ಕೆಲಸ. ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದಾಗಿದೆ. ಹಳೆಯ ಟಿವಿ ಕೇಬಲ್ ಹೋಗಿದ್ದ ತೂತಿನಲ್ಲೇ ಎಳೆದು, ಕೇಬಲ್‌ನಲ್ಲಿ ಬಂದ ನೆಟ್ಟನ್ನು ಅಲ್ಲೇ ವೈಫೈಯಾಗಿ ಹರಡುವ ಆಕ್ಸೆಸ್ ಪಾಯಿಂಟ್ ಒಂದನ್ನು ಆ ಕೋಣೆಗೆ ಕೂರಿಸುವುದು ಮುಂದಿನ ಭಾನುವಾರದ ಕೆಲಸ.