ಪೆಟ್-ಸಿಟಿ ಮಾಡಿಸಿದ ದಿನ

ಎಡ ಸ್ತನದ ಗಂಟು ಕ್ಯಾನ್ಸರೇ ಅಂತ, ಅದರ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಆಗಲೇ ಗೊತ್ತಾಗಿತ್ತು. ಗಂಟು ದೊಡ್ಡದಿತ್ತು, ಕಂಕುಳಲ್ಲೂ ಕೈಗೆ ಸಿಗುತ್ತಿತ್ತು. ಬೇರೆ ಕಡೆ ಹರಡಿದೆಯಾ ನೋಡಲು ಡಾಕ್ಟರ್ ಪೆಟ್-ಸಿಟಿ ಸ್ಕ್ಯಾನ್ ಬರೆದರು. ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಬದಲು ಇದನ್ನೇ ಮಾಡಿಸಬಹುದಾ ಅಂತ ಗೆಳತಿಯರು ಈಗಲೂ ಕೇಳುತ್ತಾರೆ. ಬೇಡ. ತೀರಾ ಚಿಕ್ಕ ಗಂಟು ಇದರ ಕಣ್ಣಿಗೆ ಬೀಳದೇ ಹೋಗಬಹುದು.

ಖಾಲಿ ಹೊಟ್ಟೆಯಲ್ಲಿ ಹೋದೆ. ತಂಗಿ ಜೊತೆಗಿದ್ದಳು. ಮೊದಲು ಬೆರಳು ಚುಚ್ಚಿ ಶುಗರ್ ನೋಡಿದರು. ಕ್ಯಾನ್ಸರ್ ಜೀವಕೋಶಗಳಿಗೆ ಸಕ್ಕರೆಯ ಹಸಿವು ಜಾಸ್ತಿ. ಅದಕ್ಕೇ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಾರೆ. ರಕ್ತದಲ್ಲಿ ಮೊದಲೇ ಸಕ್ಕರೆ ತುಂಬಿದ್ದರೆ ಚಿತ್ರ ಸರಿಯಾಗಿ ಬರುವುದಿಲ್ಲ.

"ಬಲಗೈ ಕೊಡಿ ಮೇಡಂ" ಎಂದರು ಸಿಸ್ಟರ್. ಕಾರಣವನ್ನೂ ಹೇಳಿದರು. ಔಷಧಿ ರಕ್ತನಾಳದಿಂದ ಸ್ವಲ್ಪ ಆಚೆ ಸೋರಿದರೂ ಅದೇ ಕಡೆಯ ಕಂಕುಳ ಗ್ರಂಥಿಯಲ್ಲಿ ಸೇರಿಕೊಳ್ಳಬಹುದು. ಆಗ ಚಿತ್ರದಲ್ಲಿ ಹೊಳೆಯುವುದು ರೋಗವೋ, ಸೋರಿದ ಔಷಧಿಯೋ ತಿಳಿಯುವುದು ಕಷ್ಟ. ಇಷ್ಟು ಚಿಕ್ಕ ವಿಷಯಕ್ಕೂ ಗಮನ ಕೊಡುತ್ತಾರಲ್ಲ ಎಂದು ನನಗೆ ಧೈರ್ಯ ಬಂತು.

ಆಮೇಲೆ ಒಂದು ಗಂಟೆ ಕಂಬಳಿ ಹೊದ್ದು ಸುಮ್ನೆ ಮಲಗಬೇಕು. ಮಾತಿಲ್ಲ, ಫೋನಿಲ್ಲ. ದುಡಿಯುವ ಸ್ನಾಯುವೂ ಸಕ್ಕರೆ ಎಳೆದುಕೊಳ್ಳುತ್ತದೆ. ಚಳಿಯಾದರೆ ಮೈ ಬೆಚ್ಚಗಿಡುವ, ಕತ್ತಿನ ಸುತ್ತಲಿನ ಕಂದು ಕೊಬ್ಬೂ ಎಳೆದುಕೊಳ್ಳುತ್ತದೆ. ನನ್ನ ಮೈಯಿಂದಲೇ ವಿಕಿರಣ ಹೊರಡುತ್ತಿತ್ತಲ್ಲ, ತಂಗಿಯನ್ನು ಒಳಗೆ ಬಿಡಲಿಲ್ಲ. ಇಡೀ ದಿನದಲ್ಲಿ ಕಷ್ಟವಾಗಿದ್ದು ಆ ಒಂದು ಗಂಟೆ. ಮೆಷಿನ್ನಿನಲ್ಲಿ ಕೈ ಮೇಲೆತ್ತಿ ಮಲಗಿದ್ದು ಏನೂ ಅಲ್ಲ, ನೋವೂ ಇಲ್ಲ. ಸಿಟಿ ಅಂಗಗಳ ಆಕಾರ ತೋರಿಸುತ್ತದೆ, ಪೆಟ್ ಸಕ್ಕರೆ ಎಲ್ಲಿ ಸೇರಿದೆ ಅಂತ ತೋರಿಸುತ್ತದೆ. ಒಂದರ ಮೇಲೊಂದು ಕೂರಿಸಿದರೆ ಹೊಳೆಯುವ ಚುಕ್ಕೆ ಯಾವ ಅಂಗದ್ದು ಅಂತ ಗೊತ್ತಾಗುತ್ತದೆ.

ಹೊರಡುವಾಗ, ಚೆನ್ನಾಗಿ ನೀರು ಕುಡಿಯಿರಿ, ಇವತ್ತು ಎಳೆ ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಿ ಎಂದರು. ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದಂತೆ.

ರಿಪೋರ್ಟ್ ದಿನ ಪರದೆ ನೋಡಿ ತಂಗಿ ನನ್ನ ಕೈ ಬಿಗಿಯಾಗಿ ಹಿಡಿದಳು. ಮಿದುಳು, ಮೂತ್ರಕೋಶ ಎರಡೂ ಹೊಳೆಯುತ್ತಿದ್ದವು. "ಅಲ್ಲೆಲ್ಲಾ ಹರಡಿದೆಯಾ ಡಾಕ್ಟ್ರೇ?"

"ಇಲ್ಲಮ್ಮಾ. ಮಿದುಳಿಗೆ ಯಾವಾಗಲೂ ಸಕ್ಕರೆ ಬೇಕು. ಔಷಧಿ ಮೂತ್ರದಲ್ಲಿ ಹೊರಗೆ ಹೋಗುತ್ತೆ, ಅದಕ್ಕೇ ಅಲ್ಲಿ ಹೊಳಪು."

ಸೋಂಕು, ಉರಿಯೂತ ಇದ್ದರೂ ಹೊಳೆಯುತ್ತದಂತೆ. ಅನುಮಾನ ಬಂದ ಕಡೆ ಮತ್ತೆ ಬಯಾಪ್ಸಿ ಮಾಡಿಯೇ ನೋಡುತ್ತಾರೆ. ಚಿತ್ರವನ್ನು ನಾವೇ ಓದಿಕೊಂಡು ಕಂಗಾಲಾಗಬಾರದು, ಅಲ್ವಾ?

ನನಗೆ ಸ್ತನದ ಗಂಟು, ಕಂಕುಳಿನ ಗ್ರಂಥಿಗಳು ಹೊಳೆದಿದ್ದವು. ಶ್ವಾಸಕೋಶ, ಲಿವರ್, ಮೂಳೆಗಳಲ್ಲಿ ಏನೂ ಕಾಣಲಿಲ್ಲ. ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದು ಆವತ್ತೇ ತೀರ್ಮಾನವಾಯಿತು.